ಚಿಲ್ಲರೆ ಕಾಸಿನಲ್ಲಿ ಸ್ಥಳಪುರಾಣ

ಸಾಮ್ರಾಜ್ಯದ ಯಾವ ಊರಿಗೂ ಪ್ರತ್ಯೇಕ ನಾಣ್ಯವಾಗಲಿ, ತೂಕವಾಗಲಿ, ಅಳತೆಯಾಗಲಿ ಇರಕೂಡದು, ಎಲ್ಲರೂ ನಮ್ಮವನ್ನೇ ಬಳಸತಕ್ಕದ್ದು. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸನಿಗೆ ಅವನ ಆಪ್ತ ಮೈಸೀನಸ್ ಇಂಥದೊಂದು ಸಲಹೆ ಕೊಟ್ಟನೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೊ ತನ್ನ ಬೃಹದ್ಗ್ರಂಥದ 52ನೆಯ ಭಾಗದಲ್ಲಿ ಬರೆಯುತ್ತಾನೆ. ಸಂದರ್ಭ ಕ್ರಿ.ಪೂ. 29ರದು. ಆದರೆ ಆ ಮಾತು ವಾಸ್ತವವಾಗಿ ಡಿಯೊನದೇ, ಅದರಲ್ಲಿರುವ ಚಿಂತೆ ಕ್ರಿ.ಶ. ಮೂರನೆಯ ಶತಮಾನದ ಆರಂಭದ್ದು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮೂರು ದಶಕಗಳಿಗೂ ಮಿಕ್ಕು ಸರ್ಕಾರಿ ಕಡತಗಳೊಡನೆ ಏಗಿದ ನನಗೆ ಆ ವಾಕ್ಯವನ್ನು ಮೊದಲ ಬಾರಿ ಓದಿದಾಗ ಹಳೆಯ ಸಹೋದ್ಯೋಗಿಯೊಬ್ಬರ ದನಿ ಕೇಳಿಸಿದಂತಾಯಿತು. ಏಕರೂಪತೆಯ ಮೇಲಿನ ಈ ಮೋಹ ಹಣಕಾಸು ಇಲಾಖೆಗಳಷ್ಟೇ ಹಳೆಯದು.

ಡಿಯೊ ಸುಮ್ಮನೆ ಗ್ರಂಥ ಬರೆದು ಕುಳಿತವನಲ್ಲ. ಇಂದಿನ ಟರ್ಕಿಯ ಇಜ್ನಿಕ್, ಅಂದಿನ ನೈಸಿಯಾ ಎಂಬ ಗ್ರೀಕ್ ನಗರದವನು. ರೋಮಿನ ಸೆನೆಟ್ ಸದಸ್ಯನಾಗಿ, 229ರಲ್ಲಿ ಎರಡನೆಯ ಸಲ ಕಾನ್ಸಲ್ ಪದವಿಗೇರಿದವನು. ಅದಕ್ಕೆ ಮೊದಲು, ಚಕ್ರವರ್ತಿ ಮ್ಯಾಕ್ರಿನಸನ ಕಾಲದಲ್ಲಿ, ಪೆರ್ಗಮಮ್ ಮತ್ತು ಸ್ಮಿರ್ನಾ ನಗರಗಳ ಲೆಕ್ಕಪತ್ರ ನೋಡಿಕೊಳ್ಳುವ ಮೇಲ್ವಿಚಾರಕನಾಗಿದ್ದವನು. ಈ ಮೂರೂ ಊರುಗಳು ತಮ್ಮದೇ ಕಂಚಿನ ಕಾಸುಗಳನ್ನು ಅಚ್ಚು ಹಾಕುತ್ತಿದ್ದವು. ಒಂದು ಬದಿಗೆ ಚಕ್ರವರ್ತಿಯ ತಲೆ, ಇನ್ನೊಂದು ಬದಿಗೆ ಊರ ದೇವತೆ, ಊರ ವೀರ, ಊರು ಹುಟ್ಟಿದ ಕಥೆ. ನೈಸಿಯಾದ ಕಾಸಿನಲ್ಲಿ ಡಯೊನೈಸಸ್ ದೇವನೇ ನಗರದ ಸ್ಥಾಪಕ. ಅದೇ ಊರಿನವನಾದ ಖಗೋಳಜ್ಞ ಹಿಪ್ಪಾರ್ಕಸ್ ಗೋಳದೆದುರು ಕುಳಿತಿರುವ ಕಾಸೂ ಉಂಟು. ಅಂಥ ಕಾಸುಗಳನ್ನು ಎಣಿಸುತ್ತ ಬೆಳೆದವನೇ ಅವನ್ನು ನಿಲ್ಲಿಸಬೇಕೆಂದು ಬರೆದ. ಊರಿನ ಹುಡುಗ ದೊಡ್ಡ ಅಧಿಕಾರಿಯಾದ ಮೇಲೆ ಊರಿನ ಬಗ್ಗೆ ಹೀಗೆ ಗಟ್ಟಿಯಾಗುವುದು ಎಲ್ಲ ಕಾಲದಲ್ಲೂ ಇದ್ದದ್ದೇ.

ಆ ಸಲಹೆ ಸುಮಾರು ಮೂರು ಶತಮಾನ ಕಾಲ ಜಾರಿಯಾಗಲಿಲ್ಲ. ನನ್ನ ಆಸಕ್ತಿ ಇರುವುದು ಅದು ಏಕೆ ಜಾರಿಯಾಗಲಿಲ್ಲ ಎಂಬಲ್ಲಿ.

ಜೂಲಿಯಸ್ ಸೀಸರನ ಹತ್ಯೆಯ ವರ್ಷವಾದ ಕ್ರಿ.ಪೂ. 44ರಿಂದ ಕ್ರಿ.ಶ. 296ರವರೆಗೆ ಐನೂರಕ್ಕೂ ಹೆಚ್ಚು ನಗರಗಳು ಇಂಥ ಕಾಸುಗಳನ್ನು ಹೊರತಂದವು. ಹಿಂದೆ ಇವನ್ನು ಗ್ರೀಕ್ ನಾಣ್ಯಗಳ ಬಾಲಂಗೋಚಿಯೆಂದು ಪಕ್ಕಕ್ಕಿಟ್ಟಿದ್ದರು. ಆಂಡ್ರೂ ಬರ್ನೆಟ್, ಮೈಕೆಲ್ ಅಮಾಂಡ್ರಿ, ಪೆರೆ ಪೌ ರಿಪೊಲ್ಲೆಸ್ ಈ ಮೂವರು ಸಂಪಾದಿಸಿದ 'ರೋಮನ್ ಪ್ರಾವಿನ್ಷಿಯಲ್ ಕಾಯಿನೇಜ್' ಗ್ರಂಥಮಾಲೆಯ ಮೊದಲ ಸಂಪುಟ 1992ರಲ್ಲಿ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಆ ಸೂಚಿಯ ಬಹುಭಾಗವನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಿವೃತ್ತನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ದೀರ್ಘವಾದ ಪ್ರವಾಸ ಇನ್ನೊಂದಿಲ್ಲ.

ರೋಮ್ ತನ್ನ ಕೈಯಲ್ಲಿ ಇಟ್ಟುಕೊಂಡದ್ದು ಚಿನ್ನವನ್ನು, ಮತ್ತು ಅಲೆಕ್ಸಾಂಡ್ರಿಯಾ, ಆಂಟಿಯೋಕ್‌ನಂಥ ಕೆಲವು ಕಡೆ ಬಿಟ್ಟರೆ ಬೆಳ್ಳಿಯನ್ನು. ಸೈನಿಕನ ಸಂಬಳ, ದೂರದ ವ್ಯಾಪಾರ, ಇವು ನಡೆಯುತ್ತಿದ್ದುದು ಆ ಲೋಹಗಳಲ್ಲಿ. ತರಕಾರಿ, ಮೀನು, ಸ್ನಾನಗೃಹದ ಶುಲ್ಕ ಇತ್ಯಾದಿಗಳಿಗೆ ಬೇಕಾದ ಚಿಲ್ಲರೆಯನ್ನು ಸಾಮ್ರಾಜ್ಯದ ಪೂರ್ವಾರ್ಧದಲ್ಲಿ ಊರೂರಿಗೆ ತಲುಪಿಸುವುದು ಕೇಂದ್ರಕ್ಕೆ ದುಬಾರಿಯ ಬಾಬತ್ತು. ಆ ಕೆಲಸವನ್ನು ಊರುಗಳಿಗೇ ಬಿಟ್ಟರೆ ಖರ್ಚೂ ಅವುಗಳದ್ದು, ತಕರಾರೂ ಅವುಗಳದ್ದು. ಕಂಚಿನ ಕಾಸಿನ ಮುಖಬೆಲೆ ಅದರ ಲೋಹದ ಬೆಲೆಗಿಂತ ಹೆಚ್ಚಿದ್ದುದರಿಂದ ಊರಿಗೆ ಲಾಭವೂ ಇತ್ತು. ಊರಿನ ಎಲ್ಲೆ ದಾಟಿದರೆ ಆ ಕಾಸಿಗೆ ಬೆಲೆ ಕುಗ್ಗುತ್ತಿತ್ತು. ಹಾಗಾಗಿ ಅದು ಹುಟ್ಟಿದ ಸೀಮೆಯಲ್ಲೇ ಸುತ್ತುತ್ತಿತ್ತು.

ಪೆರ್ಗಮಮ್‌ನಲ್ಲಿ ಸಿಕ್ಕ, ಸಾಮಾನ್ಯವಾಗಿ ಹೇಡ್ರಿಯನ್ ಕಾಲದ್ದೆಂದು ಹೇಳುವ ಶಾಸನವೊಂದು ಈ ವ್ಯವಸ್ಥೆಯ ಒಳಗುಟ್ಟನ್ನು ತೆರೆದಿಡುತ್ತದೆ. ನಗರದಿಂದ ಗುತ್ತಿಗೆ ಹಿಡಿದ ಚಿನಿವಾರರು ಬೆಳ್ಳಿಯ ಡಿನೇರಿಯಸ್ ತಂದವನಿಗೆ 17 ಕಂಚಿನ ಅಸ್ಸಾರಿಯಾ ಕೊಡುತ್ತಿದ್ದರು. ಡಿನೇರಿಯಸ್ ಬೇಕೆಂದು ಬಂದವನಿಂದ 18 ವಸೂಲು ಮಾಡುತ್ತಿದ್ದರು. ನಡುವಿನ ಒಂದು ಕಾಸು ವಟ್ಟ. ಅದು ಸಾಲದೆಂದು ಅವರು ಸಣ್ಣ ವ್ಯಾಪಾರಿಗಳನ್ನು ಹಿಂಡತೊಡಗಿದಾಗ ದೂರು ಚಕ್ರವರ್ತಿಯವರೆಗೂ ಹೋಯಿತು. ತೀರ್ಪಿನಲ್ಲಿ ವ್ಯಾಪಾರಿಗಳಿಗೆ ರಕ್ಷಣೆಯೇನೋ ಸಿಕ್ಕಿತು. ಆದರೆ ತೂಕಕ್ಕೆ ಮಾರುವ ಸಣ್ಣ ಮೀನಿಗೆ ಕಂಚಿನ ಕಾಸನ್ನೇ ಕೊಡಬೇಕು, ನಗರದ ವಿನಿಮಯ ವರಮಾನಕ್ಕೆ ಖೋತಾ ಆಗಬಾರದು ಎಂಬ ಷರತ್ತೂ ಅದರಲ್ಲಿದೆ. ಎಂ.ಎ. ತರಗತಿಯಲ್ಲಿ ನಾಣ್ಯ ಸಿದ್ಧಾಂತವನ್ನು ನಮಗೆ ಕಲಿಸಿದ ಪಠ್ಯಗಳು ಎಷ್ಟು ನೀರಸವಾಗಿದ್ದವು! ಈ ಒಂದು ಮೀನಿನಂಗಡಿ ಸಾಕಿತ್ತು.

ಇಂಥ ಕಾಸಿನ ಹಿಂಬದಿಯೇ ಊರಿನ ಸ್ಥಳಪುರಾಣಕ್ಕೆ ಸಿಕ್ಕ ಜಾಗ. ಅದನ್ನು ಎಷ್ಟು ಸ್ವಾರಸ್ಯವಾಗಿ ಬಳಸಿಕೊಳ್ಳಬಹುದು ಎಂಬುದಕ್ಕೆ ಅಪಾಮಿಯಾವನ್ನು ಮೀರಿಸಿದ ಉದಾಹರಣೆ ನನಗೆ ಕಂಡಿಲ್ಲ. ಇಂದಿನ ಟರ್ಕಿಯ ದಿನಾರ್ ಪಟ್ಟಣವಿರುವ ಜಾಗದಲ್ಲಿ, ಮಿಯಾಂಡರ್ ನದಿಯ ಉಗಮದ ಬಳಿ ಇದ್ದ ದೊಡ್ಡ ವ್ಯಾಪಾರ ಕೇಂದ್ರ ಅದು. ಜನ ಅದನ್ನು 'ಕಿಬೋಟೋಸ್' ಎಂದೂ ಕರೆಯುತ್ತಿದ್ದರು. ಗ್ರೀಕಿನಲ್ಲಿ ಹಾಗೆಂದರೆ ಪೆಟ್ಟಿಗೆ. ಸೆಪ್ಟಿಮಿಯಸ್ ಸೆವೆರಸನ ಕಾಲದಿಂದ ಟ್ರೆಬೋನಿಯಾನಸ್ ಗ್ಯಾಲಸನ ಕಾಲದವರೆಗೆ, ಅಂದರೆ ಸುಮಾರು 193ರಿಂದ 253ರ ನಡುವೆ, ಐವರು ಚಕ್ರವರ್ತಿಗಳ ಆಳ್ವಿಕೆಯಲ್ಲಿ ಈ ಊರು ವಿಚಿತ್ರವಾದ ಕಾಸೊಂದನ್ನು ಹೊರಡಿಸಿತು. ನೀರಿನ ಮೇಲೆ ತೇಲುವ ಚೌಕ ಪೆಟ್ಟಿಗೆ, ತೆರೆದ ಮುಚ್ಚಳ, ಒಳಗಿನಿಂದ ಇಣುಕುವ ಗಂಡು ಹೆಣ್ಣು. ಮುಚ್ಚಳದ ಮೇಲೆ ಒಂದು ಹಕ್ಕಿ, ರೆಂಬೆ ಹಿಡಿದು ಹಾರಿಬರುವ ಇನ್ನೊಂದು ಹಕ್ಕಿ. ಪಕ್ಕದಲ್ಲಿ ಅದೇ ದಂಪತಿ ನೆಲಕ್ಕಿಳಿದು ಕೈ ಎತ್ತಿ ನಿಂತಿದ್ದಾರೆ. ಪೆಟ್ಟಿಗೆಯ ಮೇಲೆ ಮೂರು ಗ್ರೀಕ್ ಅಕ್ಷರಗಳು: 'ನೋವ'. ಬೈಬಲಿನ ಹಳೆಯ ಒಡಂಬಡಿಕೆಯ ಪ್ರಳಯದ ನೋವ.

ಬಹುದೇವತಾರಾಧಕ ಗ್ರೀಕ್ ನಗರವೊಂದರ ಅಧಿಕೃತ ನಾಣ್ಯದಲ್ಲಿ ಯಹೂದಿ ಧರ್ಮಗ್ರಂಥದ ಕಥೆ ಬಂದದ್ದು ಹೇಗೆ? ಆ ಊರಿನಲ್ಲಿ ಯಹೂದಿಗಳಿದ್ದರೆಂಬುದಕ್ಕೆ ಬಹು ಹಿಂದಿನ ಸಾಕ್ಷ್ಯವಿದೆ. ಜೆರುಸಲೇಮ್ ದೇವಾಲಯಕ್ಕೆ ಅವರು ಕೂಡಿಸಿದ್ದ ನೂರು ಪೌಂಡಿಗೆ ತುಸು ಕಡಿಮೆ ತೂಕದ ಚಿನ್ನವನ್ನು ಪ್ರಾಂತಾಧಿಕಾರಿ ಫ್ಲಾಕಸ್ ಅಪಾಮಿಯಾದಲ್ಲಿ ಮುಟ್ಟುಗೋಲು ಹಾಕಿಕೊಂಡ ಸಂಗತಿ ಕ್ರಿ.ಪೂ. 59ರಲ್ಲಿ ಸಿಸೆರೊ ಮಾಡಿದ ವಾದದಲ್ಲಿ ಬರುತ್ತದೆ. ಇನ್ನು ನೋವನ ನಾವೆಗೆ ಗ್ರೀಕ್ ಬೈಬಲ್ ಬಳಸುವ ಪದ ಯಾವುದು? ಕಿಬೋಟೋಸ್! ಊರಿನ ಅಡ್ಡಹೆಸರು, ಅಲ್ಪಸಂಖ್ಯಾತರ ಧರ್ಮಗ್ರಂಥದ ಒಂದು ಪದ, ಇವೆರಡೂ ಎಲ್ಲೋ ಒಂದು ಸಂಜೆಯ ಮಾತುಕತೆಯಲ್ಲಿ ಕೂಡಿಕೊಂಡಿರಬೇಕು. ನಾವೆ ಬಂದು ನಿಂತದ್ದು ನಮ್ಮ ಬೆಟ್ಟದ ಮೇಲೇ ಎಂದು ಊರು ನಂಬಿತು. ಅದೇ ಊರು ಗ್ರೀಕ್ ಪುರಾಣವನ್ನೂ ಬಿಡಲಿಲ್ಲ. ಕೊಳಲೂದುವ ಅಥೀನಾ ದೇವಿ, ಬಂಡೆಯ ಹಿಂದಿನಿಂದ ಅವಳನ್ನು ನೋಡುವ ಮಾರ್ಸಿಯಾಸ್ ಇರುವ ಕಾಸೂ ಅಪಾಮಿಯಾದ್ದೇ. ಆ ಕಥೆಯೂ ತಮ್ಮ ನದಿಯ ದಡದಲ್ಲೇ ನಡೆದದ್ದೆಂದು ಅವರ ವಾದ. ಎರಡು ಸಮುದಾಯಗಳ ಕಥೆಗಳು ಒಂದೇ ಊರಿನ ಕಾಸುಗಳಲ್ಲಿ ಹೀಗೆ ಜೊತೆಯಾಗಿದ್ದುದನ್ನು ಕಂಡು ಹಿಗ್ಗುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೂ ಅದು ಸೌಹಾರ್ದದ ಘೋಷಣೆಯೆಂದು ನಾನು ಹೇಳಲಾರೆ. ಊರಿಗೆ ಹಿರಿಮೆ ತರುವ ಕಥೆ ಎಲ್ಲಿಂದ ಬಂದರೂ ಸರಿ ಎಂಬ ವ್ಯವಹಾರ ಬುದ್ಧಿಯೂ ಅಲ್ಲಿದೆ. ಅದು ಕೆಟ್ಟ ಬುದ್ಧಿಯೇನಲ್ಲ.

ಉಳಿದ ಊರುಗಳೂ ಸುಮ್ಮನಿರಲಿಲ್ಲ. ಅಬಿಡೋಸ್‌ನ ಕಾಸಿನಲ್ಲಿ ಪ್ರೇಯಸಿ ಹೀರೊ ಗೋಪುರದಲ್ಲಿ ದೀಪ ಹಿಡಿದು ನಿಂತಿದ್ದರೆ ಲಿಯಾಂಡರ್ ಜಲಸಂಧಿಯನ್ನು ಈಜುತ್ತಿದ್ದಾನೆ. ಸ್ಮಿರ್ನಾದ ಕಾಸಿನಲ್ಲಿ ಅಲೆಕ್ಸಾಂಡರ್ ಮರದಡಿ ಮಲಗಿದ್ದಾನೆ. ಇಬ್ಬರು ನೆಮೆಸಿಸ್ ದೇವಿಯರು ಕನಸಿನಲ್ಲಿ ಬಂದು ಇಲ್ಲೇ ಹೊಸ ನಗರ ಕಟ್ಟೆಂದು ಅಪ್ಪಣೆ ಕೊಡಿಸುತ್ತಿದ್ದಾರೆ. ಹೋಮರ್ ನಮ್ಮವನೆಂದು ಸ್ಮಿರ್ನಾ, ಕಿಯೋಸ್ ಮೊದಲಾದ ಊರುಗಳೆಲ್ಲ ಅವನನ್ನು ಅಚ್ಚು ಹಾಕಿಸಿದವು. ಸೈಪ್ರಸ್ ದ್ವೀಪದ ಕಾಸುಗಳಲ್ಲಿ ಪಾಫೋಸ್‌ನ ಅಫ್ರೋಡೈಟಿ ಸುಂದರ ಹೆಣ್ಣಾಗಿರದೆ ಗುಡಿಯೊಳಗಿನ ಶಂಕುವಿನಾಕಾರದ ಕಲ್ಲಾಗಿಯೇ ಇದ್ದಾಳೆ.

ಫಿನೀಷಿಯದ ಟೈರ್ ನಗರದ ಕಥೆ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಸೆಪ್ಟಿಮಿಯಸ್ ಸೆವೆರಸನು ಅದಕ್ಕೆ ರೋಮನ್ ವಸಾಹತಿನ ಸ್ಥಾನಮಾನ ಕೊಟ್ಟ ಮೇಲೆ ಅದರ ಕಾಸುಗಳ ಬರಹ ಲ್ಯಾಟಿನ್ ಆಯಿತು. ಆದರೆ ಚಿತ್ರಗಳನ್ನು ನೋಡಿ: ಟೈರಿನಿಂದ ಹೊರಟ ಡೈಡೊ ರಾಣಿ ಕಾರ್ತೇಜ್ ಕಟ್ಟಿಸುತ್ತಿದ್ದಾಳೆ. ರೋಮಿನ ಬದ್ಧವೈರಿಯಾಗಿದ್ದ ಕಾರ್ತೇಜ್! ಮತ್ತೊಂದರಲ್ಲಿ ಟೈರಿನ ರಾಜಕುಮಾರ ಕಾಡ್ಮಸ್ ಗ್ರೀಕರ ಕೈಗೆ ಬರಹದ ಸುರುಳಿಯನ್ನು ಕೊಡುತ್ತಿದ್ದಾನೆ. ಅಕ್ಷರ ಕಲಿತದ್ದು ನಮ್ಮಿಂದ ಎಂಬುದು ಅದರ ಇಂಗಿತ. ಗ್ರೀಕರಿಗೆ ಸರಿಯಾಗಿ ತಿಳಿಯಲೆಂದೋ ಏನೋ, ಆ ಹೆಸರುಗಳನ್ನು ಗ್ರೀಕ್ ಲಿಪಿಯಲ್ಲಿಯೇ ಕೊರೆಯಲಾಗಿದೆ.

ಇವನ್ನೆಲ್ಲ ರೋಮನ್ ಅಧಿಪತ್ಯದ ವಿರುದ್ಧದ ಮೌನ ಪ್ರತಿರೋಧವೆಂದು ಓದುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾಸು ಹೊರಡಿಸಿದ ಊರ ಪ್ರಮುಖರ ಹೆಸರುಗಳು ನಾಣ್ಯದ ಮೇಲೆಯೇ ಇರುತ್ತವೆ. ಅವರಲ್ಲಿ ಅನೇಕರು ರೋಮನ್ ಪೌರರು, ಶ್ರೀಮಂತರು, ಕೆಲವರು ಕಾಸನ್ನು ಊರಿಗೆ ಕಾಣಿಕೆಯಾಗಿ ಕೊಟ್ಟವರು. ಜರ್ಮನ್ ವಿದ್ವಾಂಸ ಕಾನ್ರಾಡ್ ಕ್ರಾಫ್ಟ್ 1972ರಲ್ಲಿ ಇನ್ನೊಂದು ಕುತೂಹಲದ ಸಂಗತಿ ತೋರಿಸಿಕೊಟ್ಟರು. ಏಷ್ಯಾ ಮೈನರ್‌ನ ಬೇರೆ ಬೇರೆ ಊರುಗಳ ಕಾಸುಗಳಲ್ಲಿ ಚಕ್ರವರ್ತಿಯ ತಲೆಯ ಅಚ್ಚು ಎಷ್ಟೋ ಸಲ ಒಂದೇ. ಅಂದರೆ ಹಲವು ಊರುಗಳಿಗೆ ಒಂದೇ ಕಮ್ಮಟ ಕೆಲಸ ಮಾಡಿಕೊಡುತ್ತಿತ್ತು. ಮುಂಬದಿಗೆ ಸಿದ್ಧ ಅಚ್ಚು, ಹಿಂಬದಿಗೆ ಆಯಾ ಊರಿನ ಬೇಡಿಕೆ. ಗುತ್ತಿಗೆಗೆ ಕೊಟ್ಟು ಮಾಡಿಸಿದ ಪ್ರತಿರೋಧ ಎಂಬುದನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಸ್ಥಳಪುರಾಣ ಅಂದು ಆಡಳಿತದೆದುರು ಮಂಡಿಸುವ ದಾಖಲೆಯೂ ಆಗಿತ್ತು. ಕ್ರಿ.ಶ. 26ರಲ್ಲಿ ಟೈಬೀರಿಯಸ್ ಚಕ್ರವರ್ತಿಗೆ ಏಷ್ಯಾ ಪ್ರಾಂತದಲ್ಲಿ ದೇವಾಲಯ ಕಟ್ಟುವ ಹಕ್ಕಿಗಾಗಿ ಹನ್ನೊಂದು ನಗರಗಳು ಸೆನೆಟ್ ಮುಂದೆ ವಾದ ಹೂಡಿದ ವೃತ್ತಾಂತವನ್ನು ಟ್ಯಾಸಿಟಸ್ ಕೊಡುತ್ತಾನೆ. ಚಕ್ರವರ್ತಿಯೇ ಹಲವು ದಿನ ಕುಳಿತು ಕೇಳಿದ. ಕೆಲವು ಊರುಗಳು ಶಕ್ತಿ ಸಾಲದೆಂದು ಮೊದಲೇ ಬಿದ್ದುಹೋದವು. ಹಾಲಿಕಾರ್ನಾಸಸ್ ತನ್ನಲ್ಲಿ 1200 ವರ್ಷಗಳಿಂದ ಭೂಕಂಪವಾಗಿಲ್ಲ ಎಂದಿತು. ಟ್ರಾಯ್ ಇದ್ದ ಜಾಗದ ಇಲಿಯಮ್ ತಾನು ರೋಮಿನ ತಾಯಿ ಎಂದಿತು. ಕೊನೆಗೆ ಸಾರ್ಡಿಸ್ ಮತ್ತು ಸ್ಮಿರ್ನಾ ಉಳಿದು, ಸ್ಮಿರ್ನಾ ಗೆದ್ದಿತು. ತಾಲ್ಲೂಕು ಕೇಂದ್ರದ ಬೇಡಿಕೆ ಹೊತ್ತು ಬಂದ ನಿಯೋಗಗಳು ಜನಸಂಖ್ಯೆಯ ಅಂಕಿಅಂಶದ ಜೊತೆಗೆ ದೇವಸ್ಥಾನದ ಇತಿಹಾಸದ ಪುಸ್ತಿಕೆಯನ್ನೂ ಮೇಜಿನ ಮೇಲಿಟ್ಟು ಹೋಗುತ್ತಿದ್ದುದನ್ನು ಕಂಡ ನನಗೆ ಈ ಪುಟಗಳು ಇತಿಹಾಸವೆನಿಸಲೇ ಇಲ್ಲ.

ಪುರಾಣಕ್ಕೆ ತೆರಿಗೆಯ ಲಾಭವೂ ಇತ್ತು. ಇಲಿಯಮ್‌ನ ಕಾಸುಗಳಲ್ಲಿ ಹೆಕ್ಟರನೂ ಇದ್ದಾನೆ, ತಂದೆಯನ್ನು ಹೆಗಲ ಮೇಲೆ ಹೊತ್ತು ನಡೆಯುವ ಈನಿಯಾಸನೂ ಇದ್ದಾನೆ. ರೋಮನ್ನರ ಮೂಲಪುರುಷನೆನಿಸಿದ ಈನಿಯಾಸನ ಈ ನಂಟನ್ನೇ ಮುಂದಿಟ್ಟು ಕ್ರಿ.ಶ. 53ರಲ್ಲಿ ಹದಿನಾರರ ಹರೆಯದ ನೀರೊ ವಾದಿಸಿದಾಗ ಕ್ಲಾಡಿಯಸ್ ಚಕ್ರವರ್ತಿ ಆ ಊರಿಗೆ ತೆರಿಗೆ ವಿನಾಯಿತಿ ಕೊಟ್ಟ. ವಿನಾಯಿತಿಗೆ ಇಷ್ಟು ಸೊಗಸಾದ ಸಮರ್ಥನೆ ನನ್ನ ಸೇವಾವಧಿಯಲ್ಲಿ ಒಂದೂ ಬರಲಿಲ್ಲ.

ಹಾಗೆಂದು ಡಿಯೊನ ಅಸಹನೆಗೆ ಕಾರಣವಿರಲಿಲ್ಲವೆಂದಲ್ಲ. ಚಕ್ರವರ್ತಿ ಪೂಜೆಯ ಗುಡಿ ಪಡೆದ ಊರಿಗೆ 'ನಿಯೋಕೊರೋಸ್', ಅಂದರೆ ಗುಡಿಪಾಲಕ, ಎಂಬ ಬಿರುದು. ಪೆರ್ಗಮಮ್ ತಾನು ಮೂರು ಬಾರಿ ಗುಡಿಪಾಲಕನಾದವರಲ್ಲಿ ಮೊದಲನೆಯದೆಂದು ಕಾಸಿನಲ್ಲಿ ಸಾರಿತು. ಎಲಗಾಬಾಲಸನ ಕಾಲದಲ್ಲಿ ಎಫೆಸಸ್ ನಾಲ್ಕಕ್ಕೇರಿಸಿತು. ಸ್ಮಿರ್ನಾ ಸೌಂದರ್ಯದಲ್ಲೂ ಗಾತ್ರದಲ್ಲೂ ಏಷ್ಯಾಕ್ಕೆ ತಾನೇ ಮೊದಲೆಂದಿತು. ನೈಸಿಯಾ ಮತ್ತು ನಿಕೊಮೀಡಿಯಾಗಳ ಬಿರುದಿನ ಕಚ್ಚಾಟವನ್ನು ಕಂಡು ರೋಮನ್ನರು ನಗುತ್ತಿದ್ದಾರೆಂದು ವಾಗ್ಮಿ ಡಿಯೊ ಕ್ರಿಸೊಸ್ಟಮ್ ಅವರಿಗೆ ಬುದ್ಧಿ ಹೇಳಬೇಕಾಯಿತು. 193ರ ಅಂತರ್ಯುದ್ಧದಲ್ಲಿ ಆ ಎರಡು ಊರುಗಳು ಎದುರು ಬದಿಗಳನ್ನು ಹಿಡಿದವು. ಸೋತವನ ಪಕ್ಷ ವಹಿಸಿದ ನೈಸಿಯಾ ಬಿರುದುಗಳನ್ನು ಕಳೆದುಕೊಂಡಿತು. ಅದು ಕ್ಯಾಸಿಯಸ್ ಡಿಯೊನ ಸ್ವಂತ ಊರು. ಮೈಸೀನಸನ ಬಾಯಲ್ಲಿ ಆ ಸಲಹೆ ಇಡುವಾಗ ಅವನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಬಹುದು.

ಆದರೆ ಗಮನಿಸಬೇಕಾದ್ದು ಇದು. ಊರ ಕಾಸುಗಳು ನಿಂತದ್ದು ಅವುಗಳ ತಂಟೆಯಿಂದಲ್ಲ, ಕೇಂದ್ರವು ತನ್ನ ಹಣವನ್ನು ತಾನೇ ಕೆಡಿಸಿಕೊಂಡದ್ದರಿಂದ. ಸೈನ್ಯದ ವೆಚ್ಚ ತೂಗಿಸಲು ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆಸುತ್ತ ಹೋಗಿ, 260ರ ದಶಕದ ಕೊನೆಗೆ ಅದರಲ್ಲಿ ಬೆಳ್ಳಿ ಶೇ 5ಕ್ಕೂ ಕಡಿಮೆಯಾಯಿತು. ಊರುಗಳು ಹಳೆಯ ಕಾಸುಗಳ ಮೇಲೆ ಅಂಕಿಯ ಮುದ್ರೆಯೊತ್ತಿ ಬೆಲೆ ಏರಿಸಿ ನೋಡಿದವು. ಕೊನೆಗೆ ಕಂಚಿನ ಬೆಲೆ ಕಾಸಿನ ಮುಖಬೆಲೆಯನ್ನು ಮೀರಿದಾಗ ಅಚ್ಚು ಹಾಕುವುದೇ ನಷ್ಟದ ಬಾಬತ್ತಾಯಿತು. ಗ್ಯಾಲಿಯೆನಸನ ಕಾಲದಲ್ಲಿ ಬಹುತೇಕ ಊರುಗಳ ಕಮ್ಮಟ ತಣ್ಣಗಾಯಿತು. ಪೆರ್ಗೆ ನಗರ 275ರ ಸುಮಾರಿನವರೆಗೆ, ಅಲೆಕ್ಸಾಂಡ್ರಿಯಾ 296ರವರೆಗೆ ಉಳಿದವು. ಡಯೋಕ್ಲೀಷಿಯನ್ ಸುಧಾರಣೆಯ ನಂತರ ಲಂಡನ್ನಿನಿಂದ ಅಲೆಕ್ಸಾಂಡ್ರಿಯಾದವರೆಗೆ ಒಂದೇ ಚಿತ್ರ: ರೋಮನ್ ಪ್ರಜೆಗಳ ರಕ್ಷಕದೇವತೆ. ಮೈಸೀನಸನ ಸಲಹೆ ಜಾರಿಗೆ ಬಂದಿತು. ಹಣದುಬ್ಬರವೇನೂ ಅದರಿಂದ ನಿಲ್ಲಲಿಲ್ಲ.

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಮತ್ತೆ ಎದುರಿಸಿದ್ದು ಯುರೋಪು. 2002ರಲ್ಲಿ ಚಲಾವಣೆಗೆ ಬಂದ ಯೂರೊ ನೋಟುಗಳ ಮೇಲೆ ಯಾರ ಮನಸ್ಸೂ ನೋಯದಿರಲೆಂದು ಎಲ್ಲಿಯೂ ಇಲ್ಲದ ಸೇತುವೆಗಳನ್ನು ಚಿತ್ರಿಸಿದರು. ನಾಣ್ಯಗಳಿಗೆ ಮಾತ್ರ ಒಂದು ಬದಿ ಸಮಾನ, ಇನ್ನೊಂದು ಬದಿ ಆಯಾ ದೇಶದ್ದು. ಗ್ರೀಸಿನ ಎರಡು ಯೂರೊ ನಾಣ್ಯದಲ್ಲಿ ಗೂಳಿಯ ಮೇಲೆ ಕುಳಿತ ಯುರೋಪಾ ಇದ್ದಾಳೆ, ಸ್ಪಾರ್ಟಾದ ಮೂರನೆಯ ಶತಮಾನದ ಕಲ್ಲುಚೂರಿನ ಚಿತ್ರವೊಂದರಿಂದ ತೆಗೆದದ್ದು. ಕಥೆಯಂತೆ ಅವಳು ಫಿನೀಷಿಯದ ರಾಜಕುಮಾರಿ. ಅಲ್ಲಿನ ಸೈಡಾನ್ ನಗರದ ಕಾಸುಗಳಲ್ಲಿ ಅದೇ ಗೂಳಿಯ ಮೇಲೆ ಎರಡು ಸಾವಿರ ವರ್ಷಗಳ ಹಿಂದೆಯೇ ಕುಳಿತಿದ್ದವಳು. ಚಿಲ್ಲರೆಯಲ್ಲಿ ಸಾಧ್ಯವಾದ ಉದಾರತೆ ನೋಟಿನಲ್ಲಿ ಸಾಧ್ಯವಾಗಲಿಲ್ಲ.

ಇಷ್ಟು ವಿವರಕ್ಕೆ ಇಳಿದುದಕ್ಕೆ ಈಗಿನ ಕಾರಣವೊಂದಿದೆ. ಈ ಕಂಚಿನ ಕಾಸುಗಳು ಇಂದು ಲೋಹಶೋಧಕ ಯಂತ್ರಗಳ ಮೂಲಕ ಟರ್ಕಿ ಮತ್ತು ಬಾಲ್ಕನ್ ದೇಶಗಳ ಹೊಲಗಳಿಂದ ಕದ್ದು ಹೊರಹೋಗುತ್ತಿವೆ. ಬಲ್ಗೇರಿಯಾದ ರತಿಯಾರಿಯಾ ಎಂಬ ರೋಮನ್ ನಗರದ ಅವಶೇಷಗಳ ಮೇಲೆ 1990ರ ನಂತರ ಬುಲ್ಡೋಜರುಗಳೇ ಹರಿದವು. ಅಮೆರಿಕವು 2007ರಲ್ಲಿ ಸೈಪ್ರಸ್‌ನ, 2014ರಲ್ಲಿ ಬಲ್ಗೇರಿಯಾದ, 2021ರಲ್ಲಿ ಟರ್ಕಿಯ ಪ್ರಾಚೀನ ವಸ್ತುಗಳ ಆಮದಿಗೆ ನಿರ್ಬಂಧ ಹಾಕಿದಾಗ ಅದರಲ್ಲಿ ನಾಣ್ಯಗಳೂ ಸೇರಿದವು. ಅಲ್ಲಿನ ಸಂಗ್ರಾಹಕರ ಸಂಘವೊಂದು ನ್ಯಾಯಾಲಯಕ್ಕೆ ಹೋಗಿ 2012ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ನಾಣ್ಯಗಳು ಲಕ್ಷಗಟ್ಟಲೆ ಅಚ್ಚಾದವು, ಕೈಯಿಂದ ಕೈಗೆ ಸಾಗುವುದೇ ಅವುಗಳ ಧರ್ಮ, ಇವು ಇಂಥ ದೇಶದ್ದೆಂದು ಹೇಳುವುದು ಹೇಗೆ ಎಂಬುದು ಸಂಗ್ರಾಹಕರ ಹಳೆಯ ವಾದ. ಚಿನ್ನ, ಬೆಳ್ಳಿಯ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ. 1891ರಲ್ಲಿ ಯಶವಂತಪುರದಲ್ಲಿ, ಆಮೇಲೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಸಮುದ್ರ ದಾಟಿ ಬಂದವೇ ಅಲ್ಲವೇ? ಆದರೆ ಪೆರ್ಗಮಮ್‌ನ ಚಿನಿವಾರನ ವಟ್ಟ ಕಂಚಿನ ಕಾಸನ್ನು ಊರಿನಲ್ಲೇ ಕಟ್ಟಿಹಾಕಿತ್ತು. ಅದು ಎಲ್ಲಿ ಸಿಕ್ಕಿತೆಂಬುದೇ ಆ ಊರಿನ ಸಂತೆಯ ವ್ಯಾಪ್ತಿಯ, ಹಾದಿಯ, ನೆರೆಯೊಡನೆ ಇದ್ದ ಬಳಕೆಯ ಪುರಾವೆ. ಹರಾಜಿನ ಪಟ್ಟಿಯಲ್ಲಿ ಕಾಸು ಉಳಿಯುತ್ತದೆ. ಈ ಪುರಾವೆ ಅಳಿಯುತ್ತದೆ.

ವ್ಯಾಪಾರಿಗಳ ಛಾಯಾಚಿತ್ರಗಳಿಂದಲೇ ತಿಳಿದುಬಂದ ಎಷ್ಟೋ ಬಗೆಯ ಕಾಸುಗಳಿವೆ, ವಿದ್ವಾಂಸರ ಸೂಚಿಗಳು ಅವನ್ನು ಬಳಸಿಕೊಳ್ಳುತ್ತವೆ ಎಂಬುದನ್ನು ನಾನು ಬಲ್ಲೆ. ಅಷ್ಟರಿಂದ ಅಗೆದ ಹೊಲ ಮತ್ತೆ ಹಾಗೇ ಆಗುವುದಿಲ್ಲ. ಇತ್ತೀಚೆಗೆ ಪರಿಚಿತ ಸಂಗ್ರಾಹಕರೊಬ್ಬರು ತಾವು ಅಂತರಜಾಲ ಹರಾಜಿನಲ್ಲಿ ಕೊಂಡ ಎಫೆಸಸ್‌ನ ಕಾಸನ್ನು ಹೆಮ್ಮೆಯಿಂದ ತೋರಿಸಿದರು. ಎಲ್ಲಿ ಸಿಕ್ಕಿದ್ದಂತೆ ಎಂದು ಕೇಳಿದೆ. ಪಟ್ಟಿಯಲ್ಲಿ 'ಹಳೆಯ ಐರೋಪ್ಯ ಸಂಗ್ರಹದಿಂದ' ಎಂದಷ್ಟೇ ಇತ್ತು. ಯಾವ ಸಂಗ್ರಹ, ಯಾವ ವರ್ಷದಿಂದ, ಕಾಗದವಿದೆಯೇ ಎಂದು ಮಾರಿದವರಿಗೆ ಬರೆದು ಕೇಳಿ ಎಂದೆ. ಅವರು ಬರೆದರು. ಉತ್ತರ ಬಂದಿಲ್ಲ.